ತರಗತಿಯ ದಿನಚರಿಯಲ್ಲೇ ಪದಸಂಪತ್ತು: ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಯಾಗಾರಗಳ ಬಿಡುವಿನಲ್ಲಿ, ಪತ್ರಗಳಲ್ಲಿ, ಸ್ಟಾಫ್ ರೂಮಿನ ಹರಟೆಯಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ. ಹೊಸಬರು ಮೊದಲಿನಿಂದ ಓದಿ. ಈಗಾಗಲೇ ಕೈಹಾಕಿ ಸುಸ್ತಾದವರು ನೇರ ಎರಡನೇ ಭಾಗಕ್ಕೆ ಹೋಗಬಹುದು.

## ಶುರು ಮಾಡುವವರಿಗೆ

"ದಿನಕ್ಕೊಂದು ಪದ ಅಂತ ಬೋರ್ಡಿನ ಮೂಲೇಲಿ ಬರೀತೀನಿ. ಮಕ್ಕಳ ತಲೆಗೆ ಒಂದೂ ಹೋಗ್ತಿಲ್ಲ. ಯಾಕೆ?"

ಬೆಳಿಗ್ಗೆ ಬಂದ ಪದ ಸಂಜೆ ಡಸ್ಟರಿಗೆ ಸಿಕ್ಕಿ ಹೋಗುತ್ತದೆ, ಅದಕ್ಕೆ. ಆ ಪದಕ್ಕೂ ಅಂದು ತರಗತಿಯಲ್ಲಿ ನಡೆದದ್ದಕ್ಕೂ ಯಾವ ನಂಟೂ ಇರುವುದಿಲ್ಲ. ನಾನೂ ಎರಡು ವರ್ಷ ಇದನ್ನೇ ಮಾಡಿದೆ. ವರ್ಷದ ಕೊನೆಗೆ ಕೇಳಿದರೆ ಹೆಚ್ಚಿನ ಮಕ್ಕಳಿಗೆ ನೆನಪಿದ್ದದ್ದು ಒಂದೇ ಪದ: ದಿಗ್ಭ್ರಮೆ. ಅದನ್ನು ಬರೆದ ದಿನವೇ ಬೋರ್ಡು ಗೋಡೆಯಿಂದ ಕಳಚಿ ದಢಾರನೆ ಬಿದ್ದಿತ್ತು. ಧೂಳಿನ ನಡುವೆ ನಾನು ಚಾಕ್‌ಪೀಸ್ ಹಿಡಿದು ನಿಂತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ "ಟೀಚರ್‌ಗೆ ದಿಗ್ಭ್ರಮೆ!" ಎಂದು ಕೂಗಿದ. ಅಲ್ಲಿಂದ ಮುಂದೆ ಏನೇ ಬಿದ್ದರೂ, ಯಾರೇ ಬೆಚ್ಚಿದರೂ ಅದೇ ಪದ.

ದಿನಾ ಬೋರ್ಡು ಬೀಳಿಸಲಾಗದು. ಆದರೆ ಪದ ನಿಂತದ್ದು ಹೇಗೆ ಎಂದು ಅಂದು ಗೊತ್ತಾಯಿತು. ಎದುರಿಗೆ ಒಂದು ಸಂಗತಿ ನಡೆಯಿತು, ಅದಕ್ಕೆ ಒಪ್ಪುವ ಪದ ಕೈಗೆಟುಕುವಂತಿತ್ತು, ಮಕ್ಕಳೇ ಅದನ್ನು ಬಾಯಿಬಿಟ್ಟು ಆಡಿದರು, ಆಮೇಲೂ ಆಡುತ್ತಿದ್ದರು. ಬೋರ್ಡಿನ ಮೂಲೆಯ ಪದಕ್ಕೆ ಇವ್ಯಾವುವೂ ಸಿಗುವುದಿಲ್ಲ.

"ಪಾಠ ಮುಗಿಸೋಕೇ ಟೈಮಿಲ್ಲ. ಇದಕ್ಕೆ ಬೇರೆ ಪೀರಿಯಡ್ ಎಲ್ಲಿಂದ ತರೋದು?"

ತರಬೇಡಿ. ಹಾಜರಿ, ಸಾಲು, ಪುಸ್ತಕ ಹಂಚುವುದು, ಗಲಾಟೆ ಅಡಗಿಸುವುದು, ಗಂಟೆ ಹೊಡೆದ ಮೇಲೆ ಹೊರಗೆ ಬಿಡುವುದು: ಇವು ಹೇಗಿದ್ದರೂ ದಿನಾ ನಡೆಯುತ್ತವೆ. ಅಲ್ಲಿ ನಾವಾಡುವ ಮಾತು ವರ್ಷಪೂರ್ತಿ ಒಂದೇ: "ಕೂತ್ಕೊಳ್ಳಿ, ಸುಮ್ನಿರಿ, ತೆಗೀರಿ, ಮುಚ್ಚಿ." ಇದೇ ಜಾಗಕ್ಕೆ ಹೊಸ ಪದ ಸೇರಿಸಿ.

ಹಾಜರಿಯನ್ನೇ ನೋಡಿ. "ಹಾಜರ್" ಅನ್ನುವ ಬದಲು ಈ ಹೊತ್ತಿನ ಮನಸ್ಥಿತಿಗೆ ಒಂದು ಪದ ಹೇಳಿ ಎಂದೆ. ಮೊದಲ ವಾರ ಇಡೀ ತರಗತಿ "ಖುಷಿ, ಖುಷಿ, ಖುಷಿ." ಬೇಸರದಿಂದ ನಾನೇ ದಿನಕ್ಕೊಂದು ಹೇಳತೊಡಗಿದೆ: ಇವತ್ತು ನನಗೆ ಕಳವಳ, ಇವತ್ತು ಆಲಸ್ಯ, ಇವತ್ತು ನಿರಾಳ. ಯಾಕೆಂದೂ ಒಂದು ವಾಕ್ಯದಲ್ಲಿ ಹೇಳುತ್ತಿದ್ದೆ. ನಾಲ್ಕನೇ ವಾರ ಒಬ್ಬ ಹುಡುಗ ಎದ್ದು "ಕಸಿವಿಸಿ" ಅಂದ. ಯಾಕೋ ಅಂದರೆ, "ಹೊಸ ಚಪ್ಪಲಿ ಕಚ್ತಿದೆ, ಬಿಚ್ಚೋಕೆ ನಾಚಿಕೆ." ಕಸಿವಿಸಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನನ್ನ ಹತ್ತಿರ ಇರಲಿಲ್ಲ. ಇದಕ್ಕೆಲ್ಲ ಹೆಚ್ಚಾಗಿ ಹಿಡಿದದ್ದು ದಿನಕ್ಕೆ ಎರಡು ನಿಮಿಷ.

ಗಲಾಟೆಯನ್ನೂ ವ್ಯರ್ಥ ಮಾಡಬೇಡಿ. ಗದ್ದಲ, ಗುಜುಗುಜು, ಪಿಸುಮಾತು, ನಿಶ್ಶಬ್ದ ಎಂದು ನಾಲ್ಕು ಮೆಟ್ಟಿಲು ಮಾಡಿಕೊಳ್ಳಿ. "ಈಗ ಗದ್ದಲ ಇದೆ, ಗುಂಪುಕೆಲಸಕ್ಕೆ ಗುಜುಗುಜು ಸಾಕು" ಅಂದರೆ "ಸುಮ್ನಿರಿ" ಅಂದದ್ದಕ್ಕಿಂತ ಚೆನ್ನಾಗಿ ಕೇಳುತ್ತಾರೆ. ಎಷ್ಟು ಇಳಿಯಬೇಕು ಅನ್ನುವುದು ಅವರಿಗೆ ಸ್ಪಷ್ಟವಾಗಿರುತ್ತದೆ.

"ಯಾವ ಪದ ಆರಿಸ್ಕೊಳ್ಳೋದು? ಪಾಠದ ಕೊನೆಗಿರೋ ‘ಪದಗಳ ಅರ್ಥ’ ಸಾಲ್ದಾ?"

ಸಾಲದು. ಆ ಪಟ್ಟಿ ಇರುವುದು ಆ ಪಾಠ ಅರ್ಥವಾಗಲಿ ಎಂದು. ಹಳಗನ್ನಡ ಪದ್ಯ ಓದುವಾಗ ‘ಎಲರ್’ ಎಂದರೆ ಗಾಳಿ, ‘ಪೊನ್’ ಎಂದರೆ ಹೊನ್ನು ಎಂದು ತಿಳಿಯಲೇಬೇಕು, ನಿಜ. ಆದರೆ ಆ ಪದಗಳನ್ನು ಮಗು ಮರುದಿನ ಎಲ್ಲಿ ಬಳಸೀತು?

ಇಸಬೆಲ್ ಬೆಕ್, ಮಾರ್ಗರೆಟ್ ಮೆಕೌನ್, ಲಿಂಡಾ ಕುಕಾನ್ ಎಂಬ ಮೂವರು ಅಮೆರಿಕದ ಸಂಶೋಧಕಿಯರು ಪದಗಳನ್ನು ಮೂರು ಸ್ತರ ಮಾಡಿದ್ದಾರೆ. 2002ರ ಅವರ ಪುಸ್ತಕದಿಂದ ಇದು ಬಹಳ ಪ್ರಚಾರಕ್ಕೆ ಬಂತು. ಮೊದಲನೆಯದು ಆಡುತ್ತಾ ಬರುವ ಪದಗಳು: ಓಡು, ಬಾಗಿಲು, ಹಸಿವು. ಮೂರನೆಯದು ಒಂದೇ ವಿಷಯಕ್ಕೆ ಅಂಟಿದವು: ದ್ಯುತಿಸಂಶ್ಲೇಷಣೆ, ಅಕ್ಷಾಂಶ. ನಡುವಿನದು ಎಲ್ಲ ಪಾಠಗಳಲ್ಲೂ ಸುಳಿಯುವ, ಆದರೆ ಮನೆಮಾತಿನಲ್ಲಿ ಅಪರೂಪವಾದ ಪದಗಳು: ಕ್ರಮೇಣ, ಹಿಂಜರಿ, ಅನಿವಾರ್ಯ, ಸಮರ್ಥಿಸು, ಹೋಲಿಕೆ, ಪರಿಣಾಮ. ನಮ್ಮ ದಿನಚರಿಗೆ ಬೇಕಾದವು ಈ ನಡುವಿನವು. ನಾನು ಇಟ್ಟುಕೊಂಡ ಪರೀಕ್ಷೆ ಸರಳ: ಈ ಪದ ಇನ್ನು ಮೂರು ತಿಂಗಳೊಳಗೆ ಬೇರೊಂದು ವಿಷಯದ ಪಾಠದಲ್ಲೂ ಸಿಗುತ್ತದೆಯೇ? ಸಿಗುವಂತಿದ್ದರೆ ಆರಿಸಿಕೊಳ್ಳಿ.

"ವಾರಕ್ಕೆ ಎಷ್ಟು ಪದ?"

ಐದು. ಆರಾದರೆ ತಪ್ಪೇನಿಲ್ಲ. ಹದಿನೈದು ಅಂದರೆ ಅದು ಬಾಯಿಪಾಠವಾಗುತ್ತದೆ.

"ಡಿಕ್ಷನರಿ ನೋಡಿ ಅರ್ಥ ಬರ್ಕೊಳ್ಳಿ, ಸ್ವಂತ ವಾಕ್ಯ ಮಾಡಿ ಅಂದ್ರೆ ಸಾಕಲ್ವಾ?"

‘ವಿಪುಲ’ ಎಂಬ ಪದ ಕೊಟ್ಟಿದ್ದೆ. ನಿಘಂಟು ನೋಡಿದ ಹುಡುಗಿ ‘ತುಂಬಾ, ಹೆಚ್ಚು’ ಎಂದು ಬರೆದುಕೊಂಡು ವಾಕ್ಯ ಮಾಡಿದಳು: "ನನಗೆ ವಿಪುಲ ಹಸಿವಾಗಿದೆ." ಅವಳ ತಪ್ಪಲ್ಲ. ಅರ್ಥದ ಜಾಗದಲ್ಲಿ ಪದವನ್ನು ಕೂರಿಸಿದ್ದಾಳೆ, ನಾವು ಹೇಳಿದ್ದೂ ಅಷ್ಟೇ. 1987ರಲ್ಲಿ ಜಾರ್ಜ್ ಮಿಲ್ಲರ್ ಮತ್ತು ಪೆಟ್ರೀಷಿಯಾ ಗಿಲ್ಡಿಯಾ ಎಂಬ ಸಂಶೋಧಕರು ಇಂಗ್ಲಿಷ್ ಮಾತಾಡುವ ಮಕ್ಕಳ ಇಂಥದೇ ವಾಕ್ಯಗಳನ್ನು ಕಲೆಹಾಕಿ ತೋರಿಸಿದರು. ನಿಘಂಟಿನ ಅರ್ಥದಲ್ಲಿ ಗೊತ್ತಿರುವ ಒಂದು ತುಣುಕನ್ನು ಮಗು ಹಿಡಿಯುತ್ತದೆ, ಆ ತುಣುಕಿಗೊಂದು ವಾಕ್ಯ ಕಟ್ಟುತ್ತದೆ, ಆಮೇಲೆ ತುಣುಕು ತೆಗೆದು ಹೊಸ ಪದ ಹಾಕುತ್ತದೆ.

ಮೊದಲು ನಿಮ್ಮ ಮಾತಿನಲ್ಲಿ, ಸನ್ನಿವೇಶದ ಸಮೇತ ಹೇಳಿ: "ಒಂದು ಕೆಲಸ ಮಾಡಬೇಕು ಅನ್ನಿಸಿದರೂ, ಏನಾದೀತೋ ಎಂದು ಹೆಜ್ಜೆ ಹಿಂದಿಟ್ಟರೆ ಅದು ಹಿಂಜರಿಕೆ." ಕೂಡಲೇ ಹೌದು-ಅಲ್ಲ ಪ್ರಶ್ನೆ ಹಾಕಿ. ನೀರಿಗೆ ಧುಮುಕಲು ಬಂದು ದಡದಲ್ಲೇ ನಿಂತವನು ಹಿಂಜರಿಯುತ್ತಿದ್ದಾನಾ? ಹೌದು. ನಿದ್ದೆ ಬಿಟ್ಟೇಳದೆ ಹೊದ್ದು ಮಲಗಿದವನು? ಇಲ್ಲಿ ಜಗಳ ಶುರುವಾಗುತ್ತದೆ. ಅದು ಸೋಮಾರಿತನ ಅಂತ ಅರ್ಧ ತರಗತಿ, ಅವನಿಗೆ ಚಳಿಯ ಭಯ, ಅದಕ್ಕೆ ಹಿಂಜರಿಕೆಯೇ ಅಂತ ಉಳಿದವರು. ಅವರು ಹೀಗೆ ಜಗಳವಾಡುವುದೇ ನಮಗೆ ಬೇಕಾದ ಪಾಠ.

ನಿಘಂಟು ಬೇಡವೆಂದಲ್ಲ. ಪದದ ಪರಿಚಯ ಆದ ಮೇಲೆ ಬರಲಿ. ಅಂದಹಾಗೆ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಅರ್ಥದ ಜತೆಗೆ ಗಾದೆಗಳೂ ಬಳಕೆಗಳೂ ಸಿಗುತ್ತವೆ. ದೊಡ್ಡ ತರಗತಿಯ ಮಕ್ಕಳಿಗೆ ಒಂದು ಪುಟ ತೋರಿಸಿ, ಪದವೊಂದು ಎಷ್ಟು ಮನೆ ಸುತ್ತಿದೆ ಎಂದು ಅವರೇ ನೋಡಲಿ.

## ನಡೆಸುತ್ತಿರುವವರಿಗೆ

"ಪದಗಳ ಗೋಡೆ ಮಾಡಿದ್ವಿ, ಚೆನ್ನಾಗೂ ಕಾಣುತ್ತೆ. ಆದ್ರೆ ಯಾರೂ ಆ ಕಡೆ ತಿರುಗ್ ನೋಡಲ್ಲ!"

ಚೆನ್ನಾಗಿ ಕಾಣುವುದೇ ತೊಂದರೆ ಇರಬಹುದು. ಬಣ್ಣದ ಚಾರ್ಟಿನಲ್ಲಿ ದುಂಡಗೆ ಬರೆದು ಎತ್ತರದಲ್ಲಿ ಅಂಟಿಸಿದ 80 ಪದ ಎರಡೇ ವಾರಕ್ಕೆ ಗೋಡೆಯ ಸುಣ್ಣದಂತಾಗುತ್ತವೆ. ಮಕ್ಕಳ ಕಣ್ಣಳತೆಗೆ ಇಳಿಸಿ, ಇಪ್ಪತ್ತಕ್ಕೆ ನಿಲ್ಲಿಸಿ, ಬರವಣಿಗೆ ಅವರದೇ ಇರಲಿ, ಪದದ ಕೆಳಗೆ ಯಾರಾದರೂ ತರಗತಿಯಲ್ಲಿ ನಿಜವಾಗಿ ಆಡಿದ ವಾಕ್ಯ ಇರಲಿ. ಹೊಸದು ಬಂದರೆ ಹಳೆಯದಕ್ಕೆ ನಿವೃತ್ತಿ. ಯಾವುದನ್ನು ಇಳಿಸಬೇಕು ಎಂದು ಮಕ್ಕಳೇ ತೀರ್ಮಾನಿಸಲಿ. "ಇದು ನಮಗೆ ಬಂತು, ತೆಗೀರಿ" ಎಂದು ಹೇಳುವ ಗತ್ತೇ ಬೇರೆ.

ಗೋಡೆಗೊಂದು ಕೆಲಸ ಕೊಡಿ. ಗಂಟೆ ಹೊಡೆದಾಗ ಬಾಗಿಲಲ್ಲಿ ನಿಂತು, ಗೋಡೆಯ ಒಂದು ಪದ ಬಳಸಿ ಇವತ್ತಿನ ಪಾಠದ ಬಗ್ಗೆ ಒಂದು ಮಾತು ಹೇಳಿದವರು ಹೊರಗೆ. ಹೊರಗೆ ಓಡುವ ಆತುರದಲ್ಲಿ ಗೋಡೆಯನ್ನು ಎಷ್ಟು ಗಮನವಿಟ್ಟು ಓದುತ್ತಾರೆ ನೋಡಿ.

"ನಾನೊಬ್ಬಳೇ ಮಾತಾಡ್ತೀನಿ. ಕೇಳಿದ್ರೆ ಒಂದೇ ಪದದ ಉತ್ತರ. ಏನ್ ಮಾಡೋದು?"

ಕಾಯಿರಿ. ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಆಲಿಸಿ ಕಂಡುಕೊಂಡದ್ದು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುವ ಮಕ್ಕಳೂ ಬಾಯಿಬಿಟ್ಟರು. 3 ಸೆಕೆಂಡು ಅಂದರೆ ಕೇಳಲು ಸಣ್ಣದು, ನಿಂತು ಕಾಯುವಾಗ ಯುಗ. ಮನಸ್ಸಿನಲ್ಲೇ ಎಣಿಸಿ.

ಜತೆಗೆ ವಾಕ್ಯದ ಮೊದಲ ತುಂಡನ್ನು ನೀವೇ ಕೊಡಿ: "ನಾನು ಇದನ್ನು ಒಪ್ಪುವುದಿಲ್ಲ, ಏಕೆಂದರೆ...", "ಇವೆರಡಕ್ಕೂ ಇರುವ ಹೋಲಿಕೆ...", "ಇದರ ಪರಿಣಾಮವಾಗಿ..." ಮೊದಲು ಪಕ್ಕದವರಿಗೆ ಪಿಸುಮಾತಿನಲ್ಲಿ ಹೇಳಲಿ, ಆಮೇಲೆ ಎಲ್ಲರೆದುರು. ನಾಚುವ ಮಗುವಿಗೆ ಒಮ್ಮೆ ಆಡಿ ನೋಡಿದ ವಾಕ್ಯವನ್ನು ಎರಡನೇ ಸಲ ಆಡುವುದು ಅರ್ಧ ಸುಲಭ.

"ಹೊಸ ಪದ ತಪ್ಪಾಗಿ ಬಳಸ್ತಾರೆ. ತಿದ್ದಿದ್ರೆ ಬಾಯಿ ಮುಚ್ಕೋತಾರೆ, ತಿದ್ದದಿದ್ರೆ ಅದೇ ನಿಲ್ಲುತ್ತೆ. ಎರಡ್ರಲ್ಲಿ ಯಾವ್ದು?"

ಎರಡೂ ಅಲ್ಲ. ಒಬ್ಬ ಹುಡುಗ ಗಂಭೀರವಾಗಿ ಬಂದು, "ಟೀಚರ್, ನನ್ನ ಪೆನ್ಸಿಲ್ ನಿಧನವಾಯ್ತು" ಅಂದ. ತರಗತಿ ಹೋ ಎಂದು ನಕ್ಕಿತು. ನಗು ನಿಲ್ಲುವವರೆಗೆ ಕಾದು ಕೇಳಿದೆ: ನೊಣಕ್ಕೆ ಏನನ್ನುತ್ತೇವೆ? ಸತ್ತಿತು. ಮರಕ್ಕೆ? ಒಣಗಿತು. ದೀಪಕ್ಕೆ? ಆರಿತು. "ನಂದಿತು" ಎಂದು ಮತ್ತೊಬ್ಬಳು. ಹೂವಿಗೆ? ಬಾಡಿತು. ಕೆರೆಗೆ? ಬತ್ತಿತು. ರಬ್ಬರಿಗೆ? ಸವೆಯಿತು. ಹಾಗಾದರೆ ನಿಧನ ಯಾರಿಗೆ? ಕೊನೆಗೆ ಪೆನ್ಸಿಲಿನ ಹುಡುಗನೇ ಉತ್ತರ ಹೇಳಿದ: "ಗೌರವ ಕೊಡೋ ಮನುಷ್ಯರಿಗೆ." ಸ್ವಲ್ಪ ತಡೆದು, "ಅದು ಒಳ್ಳೇ ಪೆನ್ಸಿಲ್ ಟೀಚರ್" ಅಂತ ಸೇರಿಸಿದ.

ಹತ್ತು ನಿಮಿಷ ಪಾಠ ಹಿಂದೆ ಬಿತ್ತು, ಆದರೆ ಒಂದು ತಪ್ಪಿನಿಂದ ಅಷ್ಟೂ ಕ್ರಿಯಾಪದ ಎದ್ದು ಬಂದವು. ಪದದ ಅರ್ಥ ಗೊತ್ತಿದ್ದು, ಅದು ಯಾವ ಪದದ ಜತೆ ಕೂಡುತ್ತದೆ ಎಂದು ತಿಳಿಯದಾಗ ಆಗುವ ತಪ್ಪು ಇದು. ಇಂಥದನ್ನು ಬಿಡಬೇಡಿ, ಬಿಡಿಸಿ ನೋಡಿ. ಸಣ್ಣಪುಟ್ಟ ತಪ್ಪಿಗೆ ಮಾತ್ರ ಸರಿ ರೂಪವನ್ನು ನಿಮ್ಮ ಉತ್ತರದೊಳಗೇ ಸಹಜವಾಗಿ ಆಡಿ ಮುಂದೆ ಹೋಗಿ.

"ಮನೇಲಿ ಆಡೋ ಕನ್ನಡಾನೇ ಬೇರೆ, ಪುಸ್ತಕದ್ದೇ ಬೇರೆ. ಮನೆಮಾತು ಬಿಡಿಸ್ಬೇಕಾ?"

ಬಿಡಿಸಬಾರದು, ಬಿಡಿಸಲೂ ಆಗದು. ಹೊಸ ಪದವನ್ನು ಕಟ್ಟಿಹಾಕಲು ಇರುವ ಗೂಟವೇ ಮನೆಮಾತು. "ನಿಮ್ಮನೇಲಿ ಇದಕ್ಕೆ ಏನಂತಾರೆ?" ಎಂಬ ಪ್ರಶ್ನೆಯನ್ನು ದಿನಚರಿಯಾಗಿ ಇಟ್ಟುಕೊಳ್ಳಿ. ಮನೆಯಲ್ಲಿ ಬೇರೆ ಭಾಷೆಯನ್ನೇ ಆಡುವ ಮಗುವಿಗೂ ಇದೇ ಪ್ರಶ್ನೆ. ‘ಸಿಟ್ಟು’ ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲಿ ಕೋಪ, ಕ್ರೋಧ, ಮುನಿಸು, ಸೆಡವು, ಆಕ್ರೋಶ ಬರೆದು, ಯಾವುದು ಯಾರ ಮೇಲೆ, ಎಷ್ಟು ಹೊತ್ತು ಎಂದು ಕೇಳಿ. ಗೆಳತಿಯ ಮೇಲೆ ಮುನಿಸು ಇರಬಹುದು, ಕ್ರೋಧ ಇದ್ದರೆ ಗೆಳೆತನ ಉಳಿಯದು ಎಂದು ಆರನೇ ತರಗತಿಯವರೇ ಹೇಳುತ್ತಾರೆ.

ಪುಸ್ತಕದ ಪದವೇ ಶುದ್ಧ, ಮನೆಯದು ಅಶುದ್ಧ ಎಂಬ ಮಾತು ಮಾತ್ರ ಬೇಡ. ಅದು ಸುಳ್ಳು, ಮೇಲಾಗಿ ಅದನ್ನು ಕೇಳಿದ ಮಗು ಎರಡೂ ಕಡೆ ಮೂಕವಾಗುತ್ತದೆ.

"ಕಲಿತಿದ್ದು ತಿಂಗಳಲ್ಲಿ ಮರ್ತೇ ಹೋಗುತ್ತಲ್ಲ?"

ಮರೆವು ಸಹಜ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದಂತೆ, ಮರೆವು ಮೊದಮೊದಲು ಜೋರಾಗಿ ಆಮೇಲೆ ನಿಧಾನವಾಗುತ್ತದೆ. ಮರೆಯುವ ಅಂಚಿನಲ್ಲಿದ್ದಾಗ ಮತ್ತೆ ನೆನಪಿಸಿಕೊಂಡರೆ ಪದ ಹೆಚ್ಚು ಕಾಲ ನಿಲ್ಲುತ್ತದೆ.

ಒಂದು ಡಬ್ಬಿ ಸಾಕು. ವಾರದ ಐದು ಪದಗಳ ಚೀಟಿ ಅದಕ್ಕೆ ಬೀಳಲಿ. ಮರುದಿನ, ನಾಲ್ಕನೇ ದಿನ, ಮುಂದಿನ ವಾರ, ಮುಂದಿನ ತಿಂಗಳು ಎತ್ತಿ ಕೇಳಿ. ಹಾಜರಿ ಪುಸ್ತಕ ತೆರೆಯುವ ಮುಂಚೆ ಒಬ್ಬರು ಎರಡು ಚೀಟಿ ಎತ್ತಿ, ಎರಡೂ ಪದ ಒಂದೇ ವಾಕ್ಯದಲ್ಲಿ ಬರುವಂತೆ ಹೇಳಬೇಕು. ‘ಅನಿವಾರ್ಯ’ ಮತ್ತು ‘ಪಿಸುಮಾತು’ ಒಟ್ಟಿಗೆ ಬಂದ ದಿನ ತರಗತಿ ನೋಡುವಂತಿರುತ್ತದೆ. ಚೀಟಿ ನೋಡಿ ಅರ್ಥ ಓದಿಸಬೇಡಿ. ನೆನಪಿನಿಂದ ತೆಗೆಯುವ ಶ್ರಮದಲ್ಲೇ ಫಲ ಇರುವುದು.

## ಇನ್ನೂ ಮುಂದಕ್ಕೆ ಹೋಗುವವರಿಗೆ

"ವಾರಕ್ಕೆ ಐದೈದು ಪದ ಅಂದ್ರೆ ವರ್ಷಕ್ಕೆ ಇನ್ನೂರು. ಭಾಷೇಲಿ ಲಕ್ಷ ಇವೆ. ಇದು ಮುಗಿಯೋ ಕೆಲಸನಾ?"

ಒಂದೊಂದಾಗಿ ಮುಗಿಯದು, ಅದಕ್ಕೇ ಪದದ ಕುಟುಂಬ ಕಲಿಸಬೇಕು. ಕನ್ನಡ ಇದಕ್ಕೆ ಹೇಳಿ ಮಾಡಿಸಿದ ಭಾಷೆ. ‘ನಡೆ’ ತೆಗೆದುಕೊಳ್ಳಿ: ನಡಿಗೆ, ನಡತೆ, ನಡವಳಿಕೆ, ನಡಾವಳಿ, ನಡೆಸು. ಕಾಲಿನ ನಡಿಗೆಯಿಂದ ಹೊರಟ ಪದ ಗುಣದ ನಡತೆಗೂ, ಸಭೆಯ ನಡಾವಳಿಗೂ ಹೋಗಿ ಮುಟ್ಟಿದೆ. ‘ಬರೆ’ಯಿಂದ ಬರಹ, ಬರವಣಿಗೆ, ಬರಹಗಾರ. ‘-ಗಾರ’ ಸಿಕ್ಕಿದ ಮೇಲೆ ಮಕ್ಕಳು ಹಾಡುಗಾರ, ಕಲೆಗಾರ, ಸಾಲಗಾರ ಎಂದು ತಾವೇ ಕಟ್ಟುತ್ತಾರೆ. ‘ಓದುಗಾರ’ ಎಂದೂ ಕಟ್ಟುತ್ತಾರೆ. ಅದು ಓದುಗ ಅಂತ ಹೇಳಿ, ಜತೆಗೆ ಅವರ ತರ್ಕವನ್ನೂ ಮೆಚ್ಚಿ.

ಸಂಸ್ಕೃತದಿಂದ ಬಂದ ಪದಗಳಿಗೆ ಉಪಸರ್ಗವೇ ಕೀಲಿಕೈ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ: ಬುಡ ಒಂದೇ, ಮುಂದೆ ಅಂಟಿದ್ದು ಬದಲಾದರೆ ಅರ್ಥ ಎಲ್ಲಿಂದೆಲ್ಲಿಗೋ. ಉಪಸರ್ಗ ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಒಯ್ಯುತ್ತದೆ ಎನ್ನಲು ಹಿಂದಿನ ವೈಯಾಕರಣರು ಕೊಡುತ್ತಿದ್ದ ಉದಾಹರಣೆಯೂ ಇದೇ ಐದು. ನಡುವೆ ಒಂದು ಗೊಣಗಾಟ: ತಿಂಡಿಗೆ ‘ಉಪಾಹಾರ’, ‘ಉಪಹಾರ’ ಎಂದರೆ ಕಾಣಿಕೆ. ಬೋರ್ಡು ಬರೆಸುವವರಿಗೆ ಯಾರು ಹೇಳುವುದು? ಈ ಎರಡನ್ನು ಕಲಿತ ಮೇಲೆ ನಮ್ಮ ಮಕ್ಕಳು ದಾರಿಯಲ್ಲಿ ಕಂಡ ತಪ್ಪು ಬೋರ್ಡುಗಳ ಲೆಕ್ಕ ತಂದು ಒಪ್ಪಿಸುತ್ತಿದ್ದರು.

"ನಾನು ಗಣಿತದ ಮೇಷ್ಟ್ರು. ಇದು ಭಾಷೆ ಟೀಚರ್ ಕೆಲಸ ಅಲ್ವಾ?"

‘ಘಾತ’ ಎಂದರೆ ನಿಮ್ಮ ಪೀರಿಯಡ್‌ನಲ್ಲಿ ಸಂಖ್ಯೆಯ ತಲೆಯ ಮೇಲೆ ಕೂರುವ ಪುಟ್ಟ ಅಂಕಿ, ಕಥೆಯಲ್ಲಿ ಪೆಟ್ಟು. ‘ಪದ’ ಎಂದರೆ ಬೀಜಗಣಿತದಲ್ಲಿ 3x ಥರದ್ದು, ಪಕ್ಕದ ತರಗತಿಯಲ್ಲಿ ಮಾತಿನ ತುಣುಕು. ‘ಕಾಲು’ ದೇಹದ್ದೂ ಹೌದು, ನಾಲ್ಕನೇ ಒಂದು ಭಾಗವೂ ಹೌದು. ವಿಜ್ಞಾನದಲ್ಲಿ ಇನ್ನೂ ಫಜೀತಿ: ಭಾರವಾದ ಚೀಲ ಹೊತ್ತು ಅರ್ಧ ಗಂಟೆ ನಿಂತಲ್ಲೇ ನಿಂತವನು ಬೆವತು ಹೋದರೂ ಭೌತಶಾಸ್ತ್ರದ ಪ್ರಕಾರ ಚೀಲದ ಮೇಲೆ ‘ಕೆಲಸ’ ಮಾಡಿಲ್ಲ, ಏಕೆಂದರೆ ಚೀಲ ಸ್ಥಾನ ಬದಲಿಸಿಲ್ಲ. ಮಾತಿನಲ್ಲಿ ವೇಗ, ಜವ ಒಂದೇ. ಭೌತಶಾಸ್ತ್ರದಲ್ಲಿ ದಿಕ್ಕು ಸೇರಿದರೆ ವೇಗ, ಇಲ್ಲದಿದ್ದರೆ ಜವ.

ಮಗು ಎಡವುವುದು ಹೀಗೆ ಗೊತ್ತಿದೆ ಎಂದುಕೊಂಡ ಪದದಲ್ಲೇ. ಹೊಸ ಅಧ್ಯಾಯ ಶುರುವಾದ ದಿನ ಒಂದು ನಿಮಿಷ ಕೊಟ್ಟು "ಈ ಪದ ಮನೆಯಲ್ಲಿ ಏನು, ಇಲ್ಲಿ ಏನು?" ಎಂದು ಕೇಳಿ. ಇದನ್ನು ಭಾಷೆಯ ಶಿಕ್ಷಕರು ನಿಮ್ಮ ಪರವಾಗಿ ಮಾಡಲಾರರು. ನಿಮ್ಮ ‘ಜವ’ ಅವರಿಗೂ ಗೊತ್ತಿರುವುದಿಲ್ಲ.

"ಓದ್ತಾ ಓದ್ತಾ ತಾನಾಗೇ ಬರುತ್ತೆ ಅಂತಾರೆ. ಹಾಗಾದ್ರೆ ಇಷ್ಟೆಲ್ಲ ಯಾಕೆ?"

ಬರುತ್ತದೆ, ನಿಧಾನವಾಗಿ. ಸ್ವಾನ್‌ಬಾರ್ನ್ ಮತ್ತು ದ ಗ್ಲಾಪರ್ ಎಂಬ ಸಂಶೋಧಕರು 1999ರಲ್ಲಿ 20 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಓದುವಾಗ ಎದುರಾದ ಗೊತ್ತಿಲ್ಲದ ಪದಗಳಲ್ಲಿ ಮಕ್ಕಳು ಕಲಿಯುವುದು ಸುಮಾರು ಶೇ. 15 ಎಂದು ಕಂಡಿತು. ತುಂಬಾ ಓದುವ ಮಗುವಿಗೆ ಅದೇ ದೊಡ್ಡ ಗಂಟು. ಓದದ ಮಗುವಿಗೆ? ಅದಕ್ಕೇ ನೀವು ಗಟ್ಟಿಯಾಗಿ ಓದಿ ಹೇಳುವುದನ್ನು ಪ್ರಾಥಮಿಕ ಹಂತ ದಾಟಿದ ಮೇಲೂ ನಿಲ್ಲಿಸಬೇಡಿ. ಆಡುವ ಮಾತಿನಲ್ಲಿ ಬಾರದ ಪದಗಳು ಪುಸ್ತಕದಲ್ಲಿ ಬರುತ್ತವೆ. ಓದುವಾಗ ಪ್ರತಿ ಪದಕ್ಕೂ ನಿಂತರೆ ಕಥೆ ಸಾಯುತ್ತದೆ. ಎರಡು ಕಡೆ, ಅದೂ ಅರ್ಧ ವಾಕ್ಯದ ವಿವರಣೆ ಕೊಟ್ಟು, ಮುಂದೆ ಸಾಗಿ.

"ಇದಕ್ಕೆ ಮಾರ್ಕ್ಸ್ ಕೊಡೋದು ಹೇಗೆ? ಬರ್ತಿದೆ ಅಂತ ಗೊತ್ತಾಗೋದಾದ್ರೂ ಹೇಗೆ?"

ಅಂಕಕ್ಕೆ ಅವಸರ ಬೇಡ. ಪದ ಬರುತ್ತದೆ, ಬರುವುದಿಲ್ಲ ಎಂದು ಎರಡೇ ಖಾನೆ ಇಲ್ಲ. ಎಡ್ಗರ್ ಡೇಲ್ ಎಂಬ ಶಿಕ್ಷಣತಜ್ಞ 1965ರಲ್ಲೇ ನಾಲ್ಕು ಹಂತ ಹೇಳಿದ್ದರು: ಕೇಳಿಯೇ ಇಲ್ಲ, ಕೇಳಿದ್ದೇನೆ ಆದರೆ ಅರ್ಥ ಗೊತ್ತಿಲ್ಲ, ಸಂದರ್ಭದಲ್ಲಿ ಬಂದರೆ ಗುರುತು ಹತ್ತುತ್ತದೆ, ಚೆನ್ನಾಗಿ ಗೊತ್ತು. ವಾರದ ಮೊದಲ ದಿನ ಐದು ಪದಗಳಿಗೂ ಮಕ್ಕಳು ಬೆರಳೆತ್ತಿ 1ರಿಂದ 4ರವರೆಗೆ ತೋರಿಸಲಿ, ಕೊನೆಯ ದಿನ ಮತ್ತೆ ತೋರಿಸಲಿ. ಬೆರಳು ಸುಳ್ಳು ಹೇಳುವುದೂ ಉಂಟು. ನಾಲ್ಕು ಎತ್ತಿದವರಿಗೆ ಒಂದು ವಾಕ್ಯ ಕೇಳಿದರೆ ಕೆಲವು ಬೆರಳು ತಾವಾಗಿ ಮಡಚಿಕೊಳ್ಳುತ್ತವೆ.

ನಾನು ನಂಬುವುದು ಇನ್ನೊಂದು ಲೆಕ್ಕ. ಟಿಪ್ಪಣಿ ಪುಸ್ತಕದ ಹಿಂಬದಿ ಪುಟದಲ್ಲಿ, ನಾನು ಕೇಳದೆ, ಪಾಠದ ಹೊರಗೆ ಮಕ್ಕಳ ಬಾಯಲ್ಲಿ ಕೇಳಿಬಂದ ಪದಗಳನ್ನು ಗುರುತು ಹಾಕಿಕೊಳ್ಳುತ್ತೇನೆ. ಕಳೆದ ವಾರ ಸಿಕ್ಕಿದ್ದು ಮೂರೇ. ನೀರಿನ ಬಾಟಲಿ ತುಂಬಿಸುತ್ತಾ ಒಬ್ಬಳು "ಕ್ರಮೇಣ ತುಂಬುತ್ತೆ, ತಳ್ಳಬೇಡ" ಅಂದಳು. "ಅವಳಿಗೆ ನನ್ನ ಮೇಲೆ ಮುನಿಸು ಅಷ್ಟೇ, ಸಿಟ್ಟಿಲ್ಲ" ಎಂದು ಇನ್ನೊಬ್ಬಳು. ಮೂರನೆಯದು ಆಟದಲ್ಲಿ ಔಟಾಗಿಯೂ ಮೈದಾನ ಬಿಡದೆ ನಿಂತ ಹುಡುಗನಿಗೆ ಎದುರು ತಂಡದವನು ಹೇಳಿದ್ದು: "ಔಟಲ್ಲ ಅಂತೀಯಲ್ಲ, ಎಲ್ಲಿ ಸಮರ್ಥಿಸು ನೋಡೋಣ!"